ಆರು ಕಿವಿಯ ತಗಡಿನ ಕೋಳಿ

ಕೋಳಿಯಾಗುವ ಮೊದಲು ನಾನು ಶೇಂಗಾ ಎಣ್ಣೆಯ ಡಬ್ಬಿಯಾಗಿದ್ದೆ. ಎಣ್ಣೆ ಮುಗಿದ ಮೇಲೆ ಗುಜರಿಯವನ ಪಾಲಾದೆ. ಅವನ ಗೋಣಿಚೀಲದಿಂದ ಮುಂಬಯಿಯ ಒಂದು ಇಕ್ಕಟ್ಟಾದ ಓಣಿಯಲ್ಲಿದ್ದ ಆಟಿಕೆ ಕಾರಖಾನೆಗೆ ಬಂದೆ. ಕಾರಖಾನೆ ಎಂದರೆ ದೊಡ್ಡದೇನಲ್ಲ, ಎರಡು ಕೋಣೆ, ಒಂದು ಒತ್ತುವ ಯಂತ್ರ, ಏಳೆಂಟು ಜನ. ಅಲ್ಲಿ ಡಬ್ಬಿಯನ್ನು ಸೀಳಿ ಹಾಳೆಯ ಹಾಗೆ ಚಪ್ಪಟೆ ಮಾಡುತ್ತಿದ್ದರು. ಎಣ್ಣೆ ಕಂಪನಿಯ ಅಕ್ಷರಗಳಿದ್ದ ಮಗ್ಗುಲು ಒಳಗೆ ಹೋಗುತ್ತಿತ್ತು. ಬರಿ ತಗಡಿನ ಮಗ್ಗುಲು ಹೊರಗೆ ಬಂದು ಅದರ ಮೇಲೆ ಕೆಂಪು, ಹಳದಿ, ಕಪ್ಪು ಗರಿಗಳು ಮೂಡುತ್ತಿದ್ದವು. ಹೀಗೆ ನನಗೆ ಎಡ ಮೈ ಒಂದು, ಬಲ ಮೈ ಒಂದು ಆಯಿತು. ನಡುವೆ ಒಂದು ಸ್ಪ್ರಿಂಗು, ಎರಡು ಹಲ್ಲಿನ ಚಕ್ರ. ಬೆನ್ನಿಗೆ ಕೀಲಿ.

ಎರಡು ಮೈಗಳನ್ನು ಕೂಡಿಸುವುದಕ್ಕೆ ಹೊಟ್ಟೆಯ ಕೆಳಗೆ ಆರು ಸಣ್ಣ ಪಟ್ಟಿಗಳಿದ್ದವು, ಎಡಕ್ಕೆ ಮೂರು, ಬಲಕ್ಕೆ ಮೂರು. ಒಂದು ಮೈಯ ಪಟ್ಟಿಯನ್ನು ಇನ್ನೊಂದು ಮೈಯ ಸೀಳಿನಲ್ಲಿ ತೂರಿಸಿ ಮಡಚಿದರೆ ಕೋಳಿ ಮುಚ್ಚಿಕೊಳ್ಳುತ್ತದೆ. ಕಾರಖಾನೆಯವರು ಆ ಪಟ್ಟಿಗೆ ಕಿವಿ ಎನ್ನುತ್ತಿದ್ದರು. ನನ್ನ ಕಿವಿಗಳನ್ನು ಮಡಚಿದವಳು ಒಬ್ಬ ಹೆಂಗಸು. ಪಕ್ಕದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಅವಳು ಹೇಳಿಕೊಡುತ್ತಿದ್ದಳು: ಒಂದೇ ಸಲಕ್ಕೆ ಸರಿಯಾಗಿ ಮಡಚು, ತಪ್ಪಿತೆಂದು ಮತ್ತೆ ಬಿಚ್ಚಬೇಡ, ಬಿಚ್ಚಿ ಮಡಚಿದ ತಗಡು ಒಳಗೇ ಬಿರುಕು ಬಿಡುತ್ತದೆ. ನಾನು ಈ ಲೋಕದಲ್ಲಿ ಕೇಳಿದ ಮೊದಲ ಮಾತು ಅದು. ಬೇರೆ ಆಟಿಕೆಗಳು ಏನು ಕೇಳಿಸಿಕೊಂಡು ಹುಟ್ಟುತ್ತವೋ ನನಗೆ ಗೊತ್ತಿಲ್ಲ. ನಾನು ಹುಟ್ಟಿದ್ದು ಹೆದರಿಕೆಯ ಜೊತೆಗೆ.

ಕೀಲಿ ಕೊಟ್ಟರೆ ನಾನು ಕತ್ತು ಬಗ್ಗಿಸಿ ನೆಲ ಕುಕ್ಕುತ್ತಿದ್ದೆ. ಅಷ್ಟೇ ನನ್ನ ವಿದ್ಯೆ. ಹಾರುವುದಕ್ಕೆ ಬಾರದು, ಕೂಗುವುದಕ್ಕೆ ಬಾರದು.

ಹುಬ್ಬಳ್ಳಿಗೆ ನನ್ನನ್ನು ತಂದವರು ರೈಲ್ವೆ ಗಾರ್ಡ್ ಶ್ಯಾಮರಾವ ಕಟ್ಟಿ. ಅವರ ಮಗಳು ಗೋದಾವರಿಗೆ ಆಗ ಐದು ವರ್ಷ. ಮನೆಯಲ್ಲಿ ಎಲ್ಲರೂ ಗೋದು ಎನ್ನುತ್ತಿದ್ದರು. ನೆಲದ ಮೇಲಿರುವವಳಿಗೆ ಮನುಷ್ಯರ ಗುರುತು ಕಾಲಿನಿಂದಲೇ ಸಿಗುತ್ತದೆ. ಗೋದುವಿನದು ಯಾವಾಗಲೂ ಒದ್ದೆ ಇರುತ್ತಿದ್ದ ಸಣ್ಣ ಪಾದ. ಅವಳ ಅವ್ವನದು ಹಿಮ್ಮಡಿ ಒಡೆದ, ಅರಿಸಿನದ ಬಣ್ಣ ಉಳಿದ ಪಾದ. ಗಾರ್ಡರದು ಕಪ್ಪು ಬೂಟು. ಗೋದು ನನ್ನ ಮುಂದೆ ಅಕ್ಕಿ ಕಾಳು ಚೆಲ್ಲಿ, ತಿನ್ನಲಿಲ್ಲವೆಂದು ಬೈದು, ತಾನೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಗಾರ್ಡರು ಡ್ಯೂಟಿ ಮುಗಿಸಿ ದಣಿದು ಬಂದವರು ಬಾಗಿಲಲ್ಲೇ ನನ್ನ ಮೇಲೆ ಕಾಲಿಟ್ಟರು. ಬಲ ಮೈ ಪೂರ್ತಿ ಚಪ್ಪಟೆಯಾಯಿತು. ಗೋದು ಅಳಲಿಲ್ಲ. ನನ್ನನ್ನು ಎತ್ತಿ ಅಪ್ಪನ ಕೈಗೆ ಕೊಟ್ಟು ಸುಮ್ಮನೆ ನಿಂತಳು. ಅತ್ತಿದ್ದರೆ ಗಾರ್ಡರು ಬೈದು ಸುಮ್ಮನಾಗುತ್ತಿದ್ದರೇನೋ. ಸುಮ್ಮನೆ ನಿಂತದ್ದಕ್ಕೆ ಬೂಟು ಬಿಚ್ಚದೆ ಹಾಗೇ ದುರ್ಗದಬೈಲಿನ ಪೇಟೆಗೆ ನಡೆದರು.

ಅಲ್ಲಿಯ ರಿಪೇರಿಯವನ ಹತ್ತಿರ ನನ್ನಂಥದೇ ಇನ್ನೊಂದು ಕೋಳಿ ಬಿದ್ದಿತ್ತು. ಅದೇ ಕಾರಖಾನೆಯದು, ಅದೇ ಗರಿ. ಆದರೆ ನಾನಾದ ಸ್ವಲ್ಪ ಕಾಲದ ಮೇಲೆ, ಡಬ್ಬಿಯ ತಗಡು ಬಿಟ್ಟು ಹೊಸ ತಗಡು ತರಿಸಲು ಶುರುಮಾಡಿದ ಕಾಲದ್ದು. ಅದರ ಎಡ ಮೈ ತುಕ್ಕು ತಿಂದಿತ್ತು, ಬಲ ಮೈ ಚೆನ್ನಾಗಿತ್ತು. ಅವನು ನನ್ನ ಎಡ, ಅದರ ಬಲ ತೆಗೆದುಕೊಂಡು ಒಂದು ಕೋಳಿ ಮಾಡಿದ. ಎರಡು ಮೈಗಳ ಕಿವಿಗಳೂ ಎರಡನೇ ಸಲ ಮಡಚಿಕೊಂಡವು. ಮುಚ್ಚುವಾಗ ಒಳಗೆ ಕಿರ್ ಎಂದದ್ದು ಅವನಿಗೆ ಕೇಳಿಸಲಿಲ್ಲ.

ಅಂದಿನಿಂದ ನನ್ನ ಬಲ ಮೈ ನನ್ನದಲ್ಲ. ಗಾರ್ಡರಿಗೂ ತಿಳಿಯಲಿಲ್ಲ, ಗೋದುವಿಗೂ ತಿಳಿಯಲಿಲ್ಲ. ಬಣ್ಣ ಒಂದೇ, ಗರಿಯ ಗೆರೆ ಒಂದೇ. ನನಗೆ ಮಾತ್ರ ಗೊತ್ತು. ಗೊತ್ತಿದ್ದೂ ಹೇಳಲಾರದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಕ್ಕುತ್ತಾ ಇದ್ದೆ. ಇದರಲ್ಲಿ ನನ್ನ ತಪ್ಪಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೂ ಯಾರಾದರೂ ನನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರೆ ಸ್ಪ್ರಿಂಗು ಬಿಗಿಯಾಗುತ್ತಿತ್ತು.

ಮರುವರ್ಷ ಗೋದುವಿಗೆ ಜ್ವರ ಬಂತು. ಡಾಕ್ಟರ್ ಇನಾಮದಾರರ ದವಾಖಾನೆಗೆ ಕರೆದುಕೊಂಡು ಹೋದರು. ಅವಳು ನನ್ನನ್ನು ಎದೆಗೆ ಅವುಚಿಕೊಂಡು ಬಂದಿದ್ದಳು. ಡಾಕ್ಟರು ನನ್ನನ್ನು ಇಸಿದುಕೊಂಡು, ಕೀಲಿ ಕೊಟ್ಟು ಮೇಜಿನ ಮೇಲೆ ಬಿಟ್ಟು, ನೋಡು ನಿನ್ನ ಕೋಳಿ ಏನು ತಿನ್ನುತ್ತದೆ ಎಂದರು. ಅವಳು ನೋಡಿದಳು. ಅಷ್ಟರಲ್ಲಿ ತೋಳಿಗೆ ಸೂಜಿ ಹೋಯಿತು. ಆಮೇಲೆ ಗೋದು ನನ್ನನ್ನು ಕಂಡರೆ ತೋಳು ಮುಚ್ಚಿಕೊಂಡು ಅಡಿಗೆಮನೆಗೆ ಓಡುತ್ತಿದ್ದಳು. ಇನ್ನು ಈ ಕೋಳಿ ಮನೆಯಲ್ಲಿರುವುದು ಬೇಡವೆಂದು ಅವಳ ಅವ್ವ ನನ್ನನ್ನು ಡಾಕ್ಟರಿಗೇ ಕೊಟ್ಟುಬಿಟ್ಟಳು. ಗೋದುವಿನ ಒದ್ದೆ ಪಾದಗಳನ್ನು ನಾನು ಮತ್ತೆ ನೋಡಲಿಲ್ಲ.

ದವಾಖಾನೆಯಲ್ಲಿ ನನ್ನನ್ನು ನೋಡಿ ಮಕ್ಕಳು ನಗುತ್ತಿದ್ದರು ಎಂದು ಬರೆಯಬೇಕೆಂದು ಆಸೆ. ನಿಜ ಹಾಗಿಲ್ಲ. ನಾನು ನಾಲ್ಕು ಸಲ ಕುಕ್ಕುವುದರೊಳಗೆ ಸೂಜಿ ಬರುತ್ತಿತ್ತು, ಐದನೆಯದಕ್ಕೆ ಅಳು. ಡಾಕ್ಟರು ಒಳ್ಳೆಯವರು. ಕೈ ಹಗುರ, ದನಿ ಹಗುರ. ಆದರೆ ನೂರಾರು ಮಕ್ಕಳಿಗೆ ನಾನು ನೋವಿನ ಮುನ್ಸೂಚನೆಯಾದೆ. ನನ್ನನ್ನು ನೋಡಿ ಬೇರೆ ಮನೆಯವರೂ ತಮ್ಮ ಮಕ್ಕಳು ಆಡಿ ಬಿಟ್ಟ ಆಟಿಕೆಗಳನ್ನು ತಂದು ಕೊಡತೊಡಗಿದರು. ಕಪಾಟು ತುಂಬಿತು. ಬಸ್ಸು, ಡೋಲು ಬಡಿಯುವ ಕರಡಿ, ಕಪ್ಪೆ, ರೈಲು, ನನ್ನಂಥ ನಾಲ್ಕು ಕೋಳಿ. ಕಪಾಟು ಸಾಲದೆ ಟ್ರಂಕು ಬಂತು. ಡಾಕ್ಟರಿಗೆ ಅದೇ ಒಂದು ಗೀಳಾಯಿತು. ಯಾವ ಆಟಿಕೆ ಯಾರ ಮನೆಯದು ಎಂದು ಚೀಟಿ ಬರೆದು ಅಂಟಿಸುತ್ತಿದ್ದರು. ಅಂಟು ಒಣಗಿ ಚೀಟಿಗಳು ಉದುರುತ್ತಿದ್ದವು.

ಒಂದು ಸಲ ಯಾವುದೋ ಮಗು ನನ್ನ ಬಾಯಿಯೊಳಗೆ ಕೆಮ್ಮಿನ ಔಷಧಿ ಸುರಿಯಿತು. ಚಕ್ರ ಅಂಟಿಕೊಂಡು ಕುಕ್ಕುವುದು ನಿಂತಿತು. ಕಂಪೌಂಡರ್ ಭರಮಪ್ಪ ಬ್ಯಾಂಡೇಜ್ ಕತ್ತರಿಯ ತುದಿಯಿಂದ ನನ್ನ ಕಿವಿಗಳನ್ನು ಬಿಚ್ಚಿದ. ಐದು ಬಿಚ್ಚಿದವು, ಆರನೆಯದು ಟಕ್ ಎಂದು ಮುರಿದು ಕಸದ ಬುಟ್ಟಿಗೆ ಹಾರಿತು. ಅವನು ಸ್ಪಿರಿಟ್ಟಿನಲ್ಲಿ ಒರೆಸಿ, ಎಣ್ಣೆ ಬಿಟ್ಟು, ಉಳಿದ ಐದನ್ನು ಮಡಚಿ ಮುಚ್ಚಿದ. ಮಡಚಿದ ಜಾಗದಲ್ಲಿ ತಗಡು ಬೆಳ್ಳಗಾಗಿತ್ತು. ಇನ್ನೊಂದು ಸಲ ತೆರೆದರೆ ಮತ್ತೆ ಮುಚ್ಚಲಾಗದು ಎಂದು ಅಂದೇ ನನಗೆ ಮನವರಿಕೆಯಾಯಿತು.

ಡಾಕ್ಟರು ತೀರಿಕೊಂಡ ಮೇಲೆ ಹನ್ನೊಂದು ಟ್ರಂಕು ಆಟಿಕೆ ಉಳಿದವು. ಟ್ರಂಕಿನಲ್ಲಿ ಎಷ್ಟು ವರ್ಷ ಇದ್ದೆನೋ ಲೆಕ್ಕವಿಲ್ಲ. ಕತ್ತಲೆಗೆ ನಾನು ಹೆದರಲಿಲ್ಲ. ಕತ್ತಲೆಯಲ್ಲಿ ಯಾರೂ ತೆರೆಯುವುದಿಲ್ಲ.

ಒಂದು ಬೆಳಿಗ್ಗೆ ಮುಚ್ಚಳ ಎದ್ದಿತು. ಕನ್ನಡಕದ ಹಿಂದೆ ಎರಡು ಗಾಬರಿಯ ಕಣ್ಣು ಕಂಡವು. ಅವರೇ ಅನಸೂಯಾ ಬಳಿಗಾರ. ಹಿಂದೆ ಬಳೆ ಅಂಗಡಿಯಾಗಿದ್ದ ತಂದೆಯ ಮಳಿಗೆಯಲ್ಲಿ ಅವರು ಹಳೇ ಆಟಿಕೆ ಕೊಂಡು ಮಾರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಹೆಂಗಸು. ಡಾಕ್ಟರ ಹೆಂಡತಿ ಸಗುಣಾಬಾಯಿ ಹನ್ನೊಂದೂ ಟ್ರಂಕುಗಳನ್ನು ಅವರಿಗೇ ಕೊಟ್ಟರು. ಕೊಡುವಾಗ ಕೇಳಿದ್ದು ಒಂದೇ ಮಾತು: ಯಜಮಾನರು ಒಂದೊಂದನ್ನೂ ಅದರ ಹೆಸರಿನಿಂದ ಬಲ್ಲವರಾಗಿದ್ದರು, ಸುಳ್ಳು ಹೆಸರಿನಿಂದ ಒಂದೂ ಮಾರಾಟವಾಗಬಾರದು. ಅನಸೂಯಾ ಮಾತು ಕೊಟ್ಟರು.

ಅವರು ಆ ಮಾತಿಗೆ ಅಷ್ಟು ಅಂಜುತ್ತಿದ್ದುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವರು ಒಂದು ಕರಡಿಯನ್ನು ಅಸಲಿ ಎಂದು ಬರೆದುಕೊಟ್ಟು ಮಾರಿದ್ದರು. ಕೊಂಡವರು ತೆರೆದು ನೋಡಿದರೆ ಕರಡಿ ಒಂದು ಕಾರಖಾನೆಯದು, ಒಳಗಿನ ಯಂತ್ರ ಇನ್ನೊಂದರದು. ಕರಡಿ ಪಾರ್ಸೆಲ್ಲಿನಲ್ಲಿ ವಾಪಸು ಬಂತು. ಅಂದಿನಿಂದ ಅವರು ಯಾವುದನ್ನೂ ತೆರೆಯದೆ ಬರೆದುಕೊಡುತ್ತಿರಲಿಲ್ಲ.

ಅಂಗಡಿಯ ನೆಲದ ಮೇಲೆ ಮೂರು ಪೆಟ್ಟಿಗೆ ಇಟ್ಟಿದ್ದರು. ಮೊದಲನೆಯದು ಮಾರುವುದಕ್ಕೆ, ಎರಡನೆಯದು ದುರಸ್ತಿಗೆ, ಮೂರನೆಯದು ಬಿಡಿಭಾಗಕ್ಕೆ. ಮೂರನೆಯದಕ್ಕೆ ಬಿದ್ದವರ ಚಕ್ರ, ಸ್ಪ್ರಿಂಗು, ಕೀಲಿ, ಕಣ್ಣು ಒಂದೊಂದಾಗಿ ಬೇರೆಯವರ ಮೈ ಸೇರುತ್ತಿದ್ದವು. ಆ ಪೆಟ್ಟಿಗೆಯಿಂದ ಒಂದು ಶಬ್ದ ಬರುತ್ತಿತ್ತು. ಯಾರಾದರೂ ಪಕ್ಕದಲ್ಲಿ ನಡೆದರೆ ಸಡಿಲ ತಗಡುಗಳು ಒಂದಕ್ಕೊಂದು ತಾಗಿ ಆಗುವ ಶಬ್ದ, ಅಷ್ಟೇ. ಹಾಗೆಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ತೆರೆಯುವ ಕೆಲಸ ದಾದಾಪೀರನದು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಆ ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವನು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಿನಿಂದ ಬೀದಿ ನೋಡುತ್ತಾ ಕೂರುತ್ತಿದ್ದ. ವಿಂಗಡಣೆ ಹತ್ತು ದಿನ ನಡೆಯಿತು. ದಿನವೂ ಒಂದು ಟ್ರಂಕು ಖಾಲಿ, ದಿನವೂ ಟೇಬಲ್ಲಿನ ಮೇಲೆ ಹೊಟ್ಟೆ ತೆರೆದ ಬಸ್ಸು, ಕಪ್ಪೆ, ರೈಲು. ಕೆಲವು ಮತ್ತೆ ಮುಚ್ಚಿಕೊಂಡವು. ಕೆಲವು ಮೂರನೇ ಪೆಟ್ಟಿಗೆಗೆ ಹೋದವು.

ಕೋಳಿಗಳ ಸರದಿ ಹನ್ನೊಂದನೇ ದಿನ, ಶುಕ್ರವಾರ ಬಂತು. ಭಾನುವಾರ ಪುಣೆಯಿಂದ ಪರಾಂಜಪೆ ಎನ್ನುವ ಗಿರಾಕಿ ಬರುವವರಿದ್ದರು. ಅವರಿಗೆ ಬೇಕಾದದ್ದು ಎಣ್ಣೆ ಡಬ್ಬಿಯ ತಗಡಿನ ಕೋಳಿಗಳು ಮಾತ್ರ, ಅದೂ ಅನಸೂಯಾ ಬರೆದುಕೊಟ್ಟರೆ ಮಾತ್ರ. ಎಣ್ಣೆ ಡಬ್ಬಿಯೋ ಹೊಸ ತಗಡೋ ಎಂದು ತಿಳಿಯುವುದಕ್ಕೆ ಒಳಗಿನ ಅಕ್ಷರ ನೋಡಬೇಕು. ಒಳಗೆ ನೋಡಬೇಕೆಂದರೆ ತೆರೆಯಬೇಕು.

ನಮ್ಮ ಐವರನ್ನೂ ಒಂದು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದರು. ಎಲ್ಲಕ್ಕಿಂತ ಹಳೆಯದಾಗಿ ಕಾಣುತ್ತಿದ್ದವಳು ನಾನು. ದಾದಾಪೀರ ನನ್ನನ್ನೇ ಮೊದಲು ಎತ್ತಿಕೊಂಡ. ಮಗುಚಿ ಹಿಡಿದು ಮಸೂರದಲ್ಲಿ ನೋಡಿ, ಕೆಳಗಿಟ್ಟುಬಿಟ್ಟ.

"ಅಕ್ಕಾರ, ಇದರ ಒಂದು ಕಿವಿ ಮೊದಲ ಹೋಗೇತಿ. ಉಳಿದಾವು ಬೆಳ್ಳಗಾಗ್ಯಾವು. ತೆರದ್ರ ಮತ್ತ ಮುಚ್ಚೂದಿಲ್ಲ."

"ಒಳಗ ನೋಡಲಾರದ ನಾ ಹೆಂಗ ಬರದು ಕೊಡ್ಲಿ?"

"ಗೊತ್ತಿಲ್ಲಂತ ಬರೀರಿ."

"ಗೊತ್ತಿಲ್ಲಂತ ಬರದ್ರ ಅವರು ಐದೂ ಬಿಟ್ಟು ಹೋಗ್ತಾರ. ಊಹಾ ಮಾಡಿ ಬರದ್ರ ಸಗುಣಾಬಾಯಾರಿಗೆ ಏನ್ ಮುಖ ತೋರಸ್ಲಿ?"

ದಾದಾಪೀರ ಮಸೂರ ತೆಗೆದ. "ಕೆಮ್ಮು ಅಂತ ಬಂದಾವರ ಹೊಟ್ಟಿ ಕೊಯ್ದು ನೋಡ್ತಾರೇನ್ರಿ ಯಾರರೆ?"

"ನೀವು ತೆರೀಲಾರದ ಗಡಿಯಾರ ರಿಪೇರಿ ಮಾಡಿದ್ದು ನಾ ನೋಡಿಲ್ಲ, ದಾದಾಪೀರಣ್ಣ."

"ಗಡಿಯಾರಕ್ಕ ಸ್ಕ್ರೂ ಅದಾವ್ರಿ. ಎಷ್ಟು ಸಲ ಬೇಕಾದ್ರೂ ತೆಗೀಬಹುದು. ಇದು ಹಂಗಲ್ಲ."

ಅನಸೂಯಾ ನನ್ನನ್ನು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಜೀವಮಾನದಲ್ಲಿ ನಾನು ಹೆದರಿದ್ದೆಲ್ಲ ಒಟ್ಟಿಗೆ ಬಂದು ಎದುರು ನಿಂತಂತಾಯಿತು. ತೆರೆದರೆ ಕಿವಿ ಹೋಗುತ್ತದೆ. ತೆರೆದರೆ ನಾನು ಎರಡು ಕೋಳಿಯ ಕೂಡಿಕೆ ಎನ್ನುವುದು ಬಯಲಾಗುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಸಾಕು, ಮೂರನೇ ಪೆಟ್ಟಿಗೆಗೆ. ತೆರೆಯದಿದ್ದರೆ? ತೆರೆಯದಿದ್ದರೆ ನಾನು ಎಣ್ಣೆ ಡಬ್ಬಿಯ ಕೋಳಿ ಎಂಬ ಹೆಸರಿನಲ್ಲಿ ಪುಣೆಗೆ ಹೋಗುತ್ತೇನೆ, ಅಲ್ಲಿ ಯಾರೋ ತೆರೆಯುತ್ತಾರೆ, ಈ ಹೆಂಗಸಿಗೆ ಇನ್ನೊಂದು ಪಾರ್ಸೆಲ್ಲು ಬರುತ್ತದೆ. ತೆರೆಯಬೇಡಿ ಎಂದು ಬೇಡಿಕೊಳ್ಳುವುದಕ್ಕೂ ನನಗೆ ಧೈರ್ಯವಿರಲಿಲ್ಲ, ತೆರೆಯಿರಿ ಎನ್ನುವುದಕ್ಕೂ ಇರಲಿಲ್ಲ.

ಕೊನೆಗೆ ಅನಸೂಯಾ, ನೀವು ತೆರೆಯಬೇಡಿ, ಪಾಪ ನನಗೇ ಇರಲಿ, ನಾನೇ ತೆರೆಯುತ್ತೇನೆ ಎಂದರು. ದಾದಾಪೀರ ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರನ್ನು ಅವರ ಕಡೆ ಸರಿಸಿದ.

ಮೊದಲನೇ ಕಿವಿ ಬಿಚ್ಚಿತು. ಎರಡನೆಯದು ಮುರಿಯಿತು. ಮೂರನೆಯದು ಮುರಿಯಿತು. ನಾಲ್ಕನೆಯದರ ಹತ್ತಿರ ಅವರ ಕೈ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮುಂದುವರಿಸಿದರು. ಅದೂ ಐದನೆಯದೂ ಒಟ್ಟಿಗೆ ಹೋದವು. ನಾನು ಎರಡಾಗಿ ಬೇರೆ ಬೇರೆ ಮಗ್ಗುಲಿಗೆ ಮಲಗಿದೆ. ಸ್ಪ್ರಿಂಗು ಜಾರಿ ಟೇಬಲ್ಲಿನ ಮೇಲೆ ಸುರುಳಿ ಬಿಚ್ಚಿಕೊಂಡಿತು.

ಎಡ ಮೈಯೊಳಗೆ ಎಣ್ಣೆ ಕಂಪನಿಯ ಹಸಿರು ಅಕ್ಷರಗಳಿದ್ದವು. ಬಲ ಮೈಯೊಳಗೆ ಏನೂ ಇರಲಿಲ್ಲ. ಹೊಸ ತಗಡು, ಬರಿ ಬಿಳುಪು.

"ಕೂಡಿಸಿದ್ದು ಐತಿ," ಎಂದ ದಾದಾಪೀರ, ಬಹಳ ಮೆಲ್ಲಗೆ.

ಅನಸೂಯಾ ನನ್ನ ಎರಡು ಮೈಗಳನ್ನೂ ಎರಡು ಕೈಯಲ್ಲಿ ಎತ್ತಿಕೊಂಡು ಎದ್ದರು. ಮೂರನೇ ಪೆಟ್ಟಿಗೆಯ ಮೇಲೆ ನಾನು ತೂಗಿದೆ. ಕೆಳಗೆ ಕಣ್ಣಿಲ್ಲದ ಕರಡಿಯ ತಲೆ ಕಾಣುತ್ತಿತ್ತು, ಚಕ್ರವಿಲ್ಲದ ಬಸ್ಸು ಕಾಣುತ್ತಿತ್ತು, ಯಾವ ಕಾಲದಲ್ಲೋ ತೆರೆದು ಬಿಸಾಕಿದ ಕೋಳಿಗಳ ಒಂಟಿ ಮೈಗಳು ಕಾಣುತ್ತಿದ್ದವು. ಹಿಂದಿನಿಂದ ದಾದಾಪೀರ ಎರಡನೇ ಕೋಳಿಯನ್ನು ತಟ್ಟೆಯಿಂದ ತೆಗೆದುಕೊಂಡ ಸದ್ದು ಬಂತು. ಮುಂದಿನದು ತೆರೀಲಿ ಏನು ಎಂದು ಅವನು ಕೇಳಿದ.

"ತಡೀರಿ," ಎಂದರು ಅನಸೂಯಾ.

ಅವರು ಒಂದು ಸಲ ನೋಡಿದ್ದನ್ನು ನಂಬುವವರಲ್ಲ. ಮಸೂರ ಇಸಿದುಕೊಂಡು ನನ್ನ ಎರಡು ಮೈಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮತ್ತೆ ನೋಡತೊಡಗಿದರು. ಒಳಗೆ ನೋಡಿದರು, ತಿರುವಿ ಹೊರಗೆ ನೋಡಿದರು. ನೋಡುತ್ತಾ ನೋಡುತ್ತಾ ಅವರ ಬೆರಳು ಸೀಳುಗಳ ಮೇಲೆ ಬಂದು ನಿಂತಿತು. ಎಡ ಮೈಯ ಮೂರು ಸೀಳುಗಳೂ ಒಂಚೂರು ಓರೆಯಾಗಿದ್ದವು. ಬಲ ಮೈಯ ಮೂರೂ ಗೆರೆ ಎಳೆದಂತೆ ನೆಟ್ಟಗಿದ್ದವು. ಡಬ್ಬಿ ತಗಡಿನ ಕಾಲದಲ್ಲಿ ಸೀಳನ್ನು ಉಳಿ ಇಟ್ಟು ಕೈಯಿಂದ ಹೊಡೆಯುತ್ತಿದ್ದರು. ಹೊಸ ತಗಡಿನ ಜೊತೆ ಹೊಸ ಯಂತ್ರ ಬಂತು, ಸೀಳು ನೆಟ್ಟಗಾಯಿತು. ಎರಡು ಕಾಲದ ಮೈಗಳು ಒಂದೇ ಕೋಳಿಯಲ್ಲಿ ಎದುರುಬದುರಾಗಿ ಕೂಡಿದ್ದು ನನ್ನಲ್ಲಿ ಮಾತ್ರ. ಹಾಗಾಗಿ ಅಲ್ಲಿಯವರೆಗೆ ಯಾರಿಗೂ ಅದು ಕಂಡಿರಲಿಲ್ಲ.

ಅವರು ನೆಲದ ಮೇಲೆ ಕೂತು ಮೂರನೇ ಪೆಟ್ಟಿಗೆಗೆ ಕೈ ಹಾಕಿದರು. ಕೋಳಿಯ ಒಂಟಿ ಮೈಗಳನ್ನೆಲ್ಲ ಹುಡುಕಿ ತೆಗೆದರು. ಒಂಬತ್ತು ಸಿಕ್ಕವು. ಒಂದೊಂದಾಗಿ ದಾದಾಪೀರನಿಗೆ ಕೊಟ್ಟು, ಮೊದಲು ಹೊರಗಿನ ಸೀಳು ಹೇಳಿ, ಆಮೇಲೆ ತಿರುವಿ ಒಳಗೆ ನೋಡಿ ಎಂದರು. ಓರೆ ಇದ್ದಲ್ಲೆಲ್ಲ ಒಳಗೆ ಅಕ್ಷರವಿತ್ತು. ನೆಟ್ಟಗಿದ್ದಲ್ಲೆಲ್ಲ ಬರಿ ಬಿಳುಪು. ಒಂಬತ್ತಕ್ಕೆ ಒಂಬತ್ತೂ. ಅಷ್ಟಾದರೂ ಅವರು ಇನ್ನೊಂದು ಸಲ ಮೊದಲಿನಿಂದ ನೋಡಿಸಿದರು. ದಾದಾಪೀರ ಬೇಸರಿಸಿಕೊಳ್ಳಲಿಲ್ಲ.

ಆಮೇಲೆ ತಟ್ಟೆಯ ನಾಲ್ಕು ಕೋಳಿಗಳನ್ನು ಮಗುಚಿದರು. ಮಗುಚಿದರು, ಅಷ್ಟೇ. ಮೂರರ ಸೀಳು ಓರೆ, ಒಂದರದು ನೆಟ್ಟಗೆ. ಯಾವುದರ ಕಿವಿಯನ್ನೂ ಯಾರೂ ಮುಟ್ಟಲಿಲ್ಲ. ಹೊಟ್ಟೆ ಮುಚ್ಚಿಕೊಂಡೇ ಅವು ತಮ್ಮ ನಿಜವಾದ ಹೆಸರು ಪಡೆದವು.

ಅನಸೂಯಾ ಮಾತ್ರ ಸಂತೋಷಪಡಲಿಲ್ಲ. ನನ್ನ ಮುರಿದ ಕಿವಿಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು.

"ಹೊಟ್ಟಿ ಹೊರಗ ಬರದಿತ್ತು, ದಾದಾಪೀರಣ್ಣ. ನಾ ಒಳಗ ಹುಡುಕಿದೆ."

ದಾದಾಪೀರ, "ಇದನ್ನ ತೆರೀಲಿಲ್ಲಂದ್ರ ಹೊರಗಿಂದೂ ಕಾಣ್ತಿರಲಿಲ್ರಿ ಅಕ್ಕಾರ," ಎಂದ. ಸಮಾಧಾನಕ್ಕೆ ಹೇಳಿದನೋ, ನಿಜವೆಂದು ಹೇಳಿದನೋ, ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ.

ಭಾನುವಾರ ಪರಾಂಜಪೆಯವರು ಬಂದರು. ಮೂರು ಕೋಳಿ ತೆಗೆದುಕೊಂಡರು. ನಾಲ್ಕನೆಯದು ಹೊಸ ತಗಡಿನದು ಎಂದು ಅನಸೂಯಾ ತಾವಾಗಿಯೇ ಹೇಳಿದ್ದಕ್ಕೆ ಅವರಿಗೆ ಆಶ್ಚರ್ಯವಾಯಿತು. ಹೊರಡುವಾಗ ಟೇಬಲ್ಲಿನ ಮೇಲೆ ತೆರೆದು ಬಿದ್ದಿದ್ದ ನನ್ನನ್ನು ನೋಡಿ, ಎಡಗಡೆಯ ಮೈ ಒಂದನ್ನೇ ಕೊಡುವಿರಾ, ನಮ್ಮಲ್ಲಿ ಒಂದಕ್ಕೆ ಎಡ ಮೈ ಹಾಳಾಗಿದೆ ಎಂದು ಕೇಳಿದರು. ನನ್ನ ಒಳಗಿನ ಅಕ್ಷರಗಳು ನಡುಗಿದವೆಂದರೆ ನೀವು ನಂಬುತ್ತೀರೋ ಇಲ್ಲವೋ.

"ಅದು ಮಾರೂದಲ್ರಿ," ಎಂದರು ಅನಸೂಯಾ. "ಅದು ನಮಗ ಓದಾಕ ಬೇಕು."

ಈಗ ನಾನು ಆ ಟೇಬಲ್ಲಿನ ಬಲ ಮೂಲೆಯಲ್ಲಿ, ಒಂದು ಕಟ್ಟಿಗೆಯ ಹಲಗೆಯ ಮೇಲೆ ಇದ್ದೇನೆ. ಎಡ ಮೈ ಎಡಕ್ಕೆ, ಬಲ ಮೈ ಬಲಕ್ಕೆ, ಎರಡೂ ಅಂಗಾತ. ನನ್ನ ಸ್ಪ್ರಿಂಗು ಒಂದು ಕಪ್ಪೆಯ ಹೊಟ್ಟೆ ಸೇರಿತು. ಅದು ಚೆನ್ನಾಗಿಯೇ ಕುಪ್ಪಳಿಸುತ್ತಿದೆ ಎಂದು ಕೇಳಿದ್ದೇನೆ. ನಾನಿನ್ನು ಕುಕ್ಕುವುದಿಲ್ಲ. ಮಳೆಗಾಲದಲ್ಲಿ ದಾದಾಪೀರ ತುಕ್ಕು ಹಿಡಿಯದಂತೆ ಎಣ್ಣೆ ಬಟ್ಟೆಯಿಂದ ಒಳಗೂ ಹೊರಗೂ ಒರೆಸುತ್ತಾನೆ. ಅಕ್ಷರಗಳ ಮೇಲೆ ಒರೆಸುವಾಗ ಕೈ ಹಗುರ ಮಾಡುತ್ತಾನೆ.

ಹೆದರಿಕೆ ಹೋಯಿತು ಎಂದರೆ ಸುಳ್ಳು ಬರೆದಂತಾಗುತ್ತದೆ. ಮುಚ್ಚಿಡಲು ಏನೂ ಉಳಿದಿಲ್ಲದಿದ್ದರೂ, ಬಾಗಿಲಿಗೆ ಹೊಸ ಟ್ರಂಕು ಬಂದು ತಗಡುಗಳು ಅಲುಗುವ ಸದ್ದು ಕೇಳಿದರೆ ನನಗೆ ಈಗಲೂ ನಡುಕ. ಆದರೆ ಅದು ನನಗಾಗಿ ಅಲ್ಲ. ನಾನು ಹುಟ್ಟಿದ ಕಾರಖಾನೆಯ ಬಾತುಕೋಳಿ, ಮೊಲ, ಗಿಣಿ, ಏನೇ ಬಂದರೂ ಅನಸೂಯಾ ಅದನ್ನು ತಂದು ನನ್ನ ಪಕ್ಕದಲ್ಲಿ ಮಗುಚುತ್ತಾರೆ. ಅದರ ಸ್ಪ್ರಿಂಗು ಬಿಗಿಯುವುದು ನನಗೆ ಕೇಳಿಸುತ್ತದೆ. ಏನೂ ಆಗುವುದಿಲ್ಲ ಎಂದು ಹೇಳಬೇಕೆನಿಸುತ್ತದೆ, ಹೇಳಲು ಬಾರದು. ಅವರು ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಅದರ ಹೊಟ್ಟೆಯ ಸೀಳು ನೋಡುತ್ತಾರೆ, ನನ್ನದನ್ನು ನೋಡುತ್ತಾರೆ, ಮತ್ತೆ ಅದರದನ್ನು ನೋಡುತ್ತಾರೆ. ಆಮೇಲೆ ಚೀಟಿ ಬರೆದು, ಅದನ್ನು ಮೆಲ್ಲಗೆ ಎತ್ತಿ ಕಾಲ ಮೇಲೆ ನಿಲ್ಲಿಸುತ್ತಾರೆ.